ಜೋಡಿ ಟೈರಿನ ಲೆಕ್ಕ



ಇವತ್ತಿನ ಮಾತು ಆರು ಚಕ್ರದ ಗಾಡಿಯನ್ನು ನಂಬಿ ಸಂಸಾರ ನಡೆಸುವವರಿಗಾಗಿ. ಮುಂದೆ ಎರಡು ಚಕ್ರ, ಹಿಂದೆ ಎರಡು ಬದಿಗೂ ಜೋಡಿ ಜೋಡಿಯಾಗಿ ನಾಲ್ಕು ಚಕ್ರ ಇರುವ 407 ಟೆಂಪೊ, ಕ್ಯಾಂಟರ್ ಮತ್ತು ಅದೇ ಅಳತೆಯ ಸಣ್ಣ ಲಾರಿಗಳ ವಿಷಯ ಇದು. ಆ ಹಿಂದಿನ ಜೋಡಿ ಟೈರುಗಳನ್ನು ಯಾವಾಗ ಜಾಗ ಬದಲಿಸಬೇಕು, ಯಾವಾಗ ತೆಗೆದು ಹೊಸದು ಹಾಕಬೇಕು, ಹಾಕುವಾಗ ಏನನ್ನು ನೋಡಬೇಕು, ಕೆಲಸ ಮಾಡುವವರ ಜೀವವನ್ನು ಹೇಗೆ ಕಾಯಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ. ಗಾಡಿ ಓಡಿಸುವ ಅಣ್ಣತಮ್ಮಂದಿರು, ಗಾಡಿಯ ಮಾಲೀಕರು, ಪಂಚರ್ ಅಂಗಡಿಯವರು ದಯವಿಟ್ಟು ಗಮನವಿಟ್ಟು ಕೇಳಬೇಕು.

ನಮ್ಮ ಭಾಗದ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ, ಎರಡೂ ಊರುಗಳನ್ನು ಮೈಸೂರಿನ ಮೂಲಕ ಸೇರಿಸುವುದು ಒಂದೇ ಹೆದ್ದಾರಿ. ಮೊದಲು 212 ಎನ್ನುತ್ತಿದ್ದ, ಈಗ 766 ಎನ್ನುವ ಈ ರಾಷ್ಟ್ರೀಯ ಹೆದ್ದಾರಿ ಕೋಯಿಕ್ಕೋಡಿನಿಂದ ಹೊರಟು ವಯನಾಡು ಹತ್ತಿ, ಬಂಡೀಪುರದ ಕಾಡು ದಾಟಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರದ ಮೇಲೆ ಕೊಳ್ಳೇಗಾಲದ ಕಡೆಗೆ ಹೋಗುತ್ತದೆ. ಈ ದಾರಿಯಲ್ಲಿ ನೇಂದ್ರಬಾಳೆ ಮತ್ತು ತರಕಾರಿ ಕೇರಳಕ್ಕೆ ಹೋಗುತ್ತವೆ. ನಾಲೆ ನೀರಿನ ಗದ್ದೆಗಳಿಂದ ಭತ್ತ ರೈಸ್ ಮಿಲ್ಲುಗಳಿಗೆ ಹೋಗುತ್ತದೆ. ಕಬ್ಬು ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಸರಕು ಊರೂರಿಗೆ ಹೋಗುತ್ತದೆ. ಮನೆ ಕಟ್ಟುವವರಿಗೆ ಇಟ್ಟಿಗೆ, ಜಲ್ಲಿ, ಸಿಮೆಂಟು ಬರುತ್ತದೆ. ಈ ಹೊರೆಯಲ್ಲಿ ದೊಡ್ಡ ಪಾಲನ್ನು ಹೊರುವುದು ಆರು ಚಕ್ರದ ಗಾಡಿಗಳೇ.

ಟಾಟಾ ಕಂಪನಿ 407 ಗಾಡಿಯನ್ನು ಹೊರತಂದದ್ದು 1986ರಲ್ಲಿ. ಅಲ್ಲಿಂದ ಈಚೆಗೆ ಹಳ್ಳಿಯ ಸರಕು ಸಾಗಣೆಯ ರೀತಿಯೇ ಬದಲಾಯಿತು. ದೊಡ್ಡ ಲಾರಿ ನುಗ್ಗದ ಗದ್ದೆ ಬದುವಿನ ದಾರಿಯಲ್ಲೂ ಇದು ಹೋಗುತ್ತದೆ. ಟಾಟಾ ಏಸ್, ಬೊಲೆರೊ ಪಿಕಪ್‌ಗಳಿಗೆ ಹಿಂದೆ ಬದಿಗೊಂದೇ ಚಕ್ರ. ಅವುಗಳ ಟೈರಿನ ಲೆಕ್ಕ ಸುಲಭ. ಜೋಡಿ ಚಕ್ರ ಬಂದ ಕೂಡಲೇ ಲೆಕ್ಕ ಬೇರೆಯಾಗುತ್ತದೆ. ನಾಲ್ಕು ಚಕ್ರದ ಗಾಡಿಯ ಅಭ್ಯಾಸವನ್ನೇ ಆರು ಚಕ್ರಕ್ಕೂ ಹಚ್ಚಿದರೆ ಟೈರೂ ಹಾಳು, ದುಡ್ಡೂ ಹಾಳು, ಒಮ್ಮೊಮ್ಮೆ ಪ್ರಾಣಕ್ಕೂ ಸಂಚಕಾರ.

ಮೊದಲು ಹೊರೆಯ ವಿಷಯ. ಹಿಂದೆ ಬದಿಗೆರಡು ಟೈರು ಇರುವುದು ಏಕೆಂದರೆ ಹೊರೆಯ ಬಹುಪಾಲು ಹಿಂದಿನ ಅಚ್ಚಿನ ಮೇಲೆ ಕೂರುತ್ತದೆ. ಎರಡು ಟೈರು ಹಾಕಿದರೆ ಹೊರುವ ಶಕ್ತಿ ಸರಿಯಾಗಿ ಎರಡು ಪಟ್ಟಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ನಿಮ್ಮ ಟೈರಿನ ಪಕ್ಕದ ಗೋಡೆಯನ್ನು ಒಮ್ಮೆ ನೋಡಿ. ಅಳತೆಯ ಪಕ್ಕದಲ್ಲಿ 122/118 ಎಂಬಂಥ ಎರಡು ಅಂಕಿ ಇರುತ್ತವೆ. ಮೊದಲನೆಯದು ಆ ಟೈರು ಒಂಟಿಯಾಗಿದ್ದಾಗ ಹೊರಬಲ್ಲ ತೂಕದ ಗುರುತು, ಎರಡನೆಯದು ಜೋಡಿಯಲ್ಲಿದ್ದಾಗ ಹೊರಬಲ್ಲ ತೂಕದ ಗುರುತು. 122 ಎಂದರೆ 1,500 ಕಿಲೋ. 118 ಎಂದರೆ 1,320 ಕಿಲೋ. ಅದೇ ಟೈರು ಜೋಡಿಗೆ ಸೇರಿದಾಗ ಅದರ ಮೇಲೆ 180 ಕಿಲೋ ಕಡಿಮೆ ಹೇರಬೇಕು. ರಸ್ತೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುವುದರಿಂದ ಎರಡು ಟೈರಿನ ಮೇಲೂ ಹೊರೆ ಯಾವತ್ತೂ ಸಮನಾಗಿ ಬೀಳುವುದಿಲ್ಲ. ಪಕ್ಕ ಪಕ್ಕದಲ್ಲಿ ತಿರುಗುವಾಗ ಬಿಸಿ ಹೊರಗೆ ಹೋಗುವುದೂ ಕಷ್ಟ. ಆದ್ದರಿಂದಲೇ ಆ ಕಡಿತ.

ಈಗ ಜೋಡಿಯಲ್ಲಿ ಒಂದು ಟೈರು ಗಾಳಿ ಬಿಟ್ಟಿತು ಎಂದುಕೊಳ್ಳಿ. ಎರಡೂ ಸೇರಿ ಹೊರುತ್ತಿದ್ದ 2,640 ಕಿಲೋ ಒಂದರ ಮೇಲೆಯೇ ಬೀಳುತ್ತದೆ. ಆ ಒಂಟಿ ಟೈರು ಹೊರಬಲ್ಲದ್ದು 1,500 ಕಿಲೋ. "ಇನ್ನೊಂದು ಐತಲ್ಲ ಕಣಣ್ಣ, ಹೆಂಗೋ ಊರು ಮುಟ್ಟುಸ್ಬುಡಾನ" ಎಂಬ ಮಾತು ನಮ್ಮ ಕಡೆ ದಿನವೂ ಕೇಳುತ್ತದೆ. ಇದಕ್ಕಿಂತ ಅಪಾಯದ ಮಾತಿಲ್ಲ. ಗಾಳಿ ಬಿಟ್ಟ ಟೈರು ಡಿಸ್ಕಿನ ಕೆಳಗೆ ನಜ್ಜುಗುಜ್ಜಾಗಿ, ಒಳಗಿನ ನೂಲು ಕಿತ್ತು, ಉಜ್ಜಾಟದಿಂದ ಬೆಂಕಿಯೇ ಹತ್ತಬಹುದು. ಉಳಿದೊಂದು ಟೈರು ಮಿತಿ ಮೀರಿದ ಹೊರೆಗೆ ಕಾದು ಸಿಡಿಯಬಹುದು. ಒಂದು ಪಂಚರ್‌ನ ಖರ್ಚನ್ನು ಉಳಿಸಲು ಹೋಗಿ ಎರಡು ಟೈರಿನ ಖರ್ಚು ತಂದುಕೊಂಡಂತಾಗುತ್ತದೆ.

ಗುಂಡ್ಲುಪೇಟೆ ಕಡೆಗೆ ಹೋಗುವವರಿಗೆ ಈ ಆತುರ ಹೆಚ್ಚು. 2009ರಿಂದ ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳಿಗಾಗಿ ಮಾಡಿದ ಒಳ್ಳೆಯ ಕಟ್ಟಳೆ ಅದು. ಆದರೆ ಒಂಬತ್ತರೊಳಗೆ ಗೇಟು ದಾಟಬೇಕೆಂದು ಸಂಜೆ ನಂಜನಗೂಡು ಬಿಡುವ ಗಾಡಿಗಳು ಟೈರಿನ ಕಡೆ ನೋಡದೆ ಓಡುತ್ತವೆ. ಬಾಳೆಗೊನೆ ಕೊಳೆಯುತ್ತದೆಂಬ ಚಿಂತೆ ನಿಜವಾದದ್ದೇ. ಹಾಗಿದ್ದರೆ ಟೈರು ನೋಡುವ ಹೊತ್ತನ್ನು ಲೋಡು ಹೇರುವ ಮೊದಲೇ ಇಟ್ಟುಕೊಳ್ಳಬೇಕು. ಹೊರೆ ಹೇರಿ ಹಗ್ಗ ಬಿಗಿದ ಮೇಲೆ ಯಾರಿಗೂ ಒಳಟೈರು ನೋಡುವ ವ್ಯವಧಾನ ಇರುವುದಿಲ್ಲ.

ಒಳಟೈರೇ ಈ ಮಾತಿನ ಮುಖ್ಯ ವಿಷಯ. ಜೋಡಿಯಲ್ಲಿ ಹೊರಗಿನದು ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಹೊರಗಿನದಕ್ಕೆ ಗಾಳಿ ಹಿಡಿಸುವುದು ಸುಲಭ, ಒಳಗಿನದರ ವಾಲ್ವಿಗೆ ಕೈ ಹೋಗುವುದಿಲ್ಲ. ಒಳಟೈರು ಬ್ರೇಕ್ ಡ್ರಮ್ಮಿಗೆ ಹತ್ತಿರವಿದ್ದು ಅದರ ಬಿಸಿಯನ್ನೂ ಉಣ್ಣುತ್ತದೆ. ಹೆಚ್ಚು ಕಷ್ಟಪಡುವ ಟೈರಿಗೇ ಕಡಿಮೆ ಆರೈಕೆ. ಒಳಟೈರಿನಲ್ಲಿ ಗಾಳಿ ಅರ್ಧ ಇಳಿದಿದ್ದರೂ ಹೊರಟೈರು ಹೊರೆಯನ್ನು ಎತ್ತಿ ಹಿಡಿದಿರುವುದರಿಂದ ಗಾಡಿ ವಾಲುವುದಿಲ್ಲ, ಡ್ರೈವರಿಗೆ ತಿಳಿಯುವುದಿಲ್ಲ.

ಬಹಳ ಜನ ಲಿವರ್ ಅಥವಾ ಕಬ್ಬಿಣದ ಸಲಾಕೆಯಿಂದ ಟೈರಿಗೆ ಹೊಡೆದು ಸದ್ದು ಕೇಳಿ "ಗಾಳಿ ಸರಿಯಾಗೈತೆ" ಎನ್ನುತ್ತಾರೆ. ಟೈರು ಪೂರ್ತಿ ಕೂತಿದೆಯೇ ಎಂಬುದನ್ನು ತಿಳಿಯಲು ಮಾತ್ರ ಆ ಸದ್ದು ಸಾಕು. 100 ಪೌಂಡ್ ಇರಬೇಕಾದ ಕಡೆ 80 ಇದ್ದರೆ ಕಿವಿಗೆ ಗೊತ್ತಾಗುವುದಿಲ್ಲ. ಇರಬೇಕಾದ ಗಾಳಿಯಲ್ಲಿ ಐದನೇ ಒಂದು ಭಾಗ ಇಳಿದ ಟೈರನ್ನು, ಜೋಡಿ ಚಕ್ರದ ಮಟ್ಟಿಗೆ, ಗಾಳಿ ಬಿಟ್ಟ ಟೈರೆಂದೇ ಭಾವಿಸಬೇಕು ಎಂಬುದು ಟೈರು ತಂತ್ರಜ್ಞರ ನಿಯಮ. ಆದ್ದರಿಂದ ಒಂದು ಒಳ್ಳೆಯ ಗೇಜ್ ಗಾಡಿಯಲ್ಲಿ ಇರಲಿ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಿರಿ. ಓಡಿ ಬಂದ ಟೈರಿನಲ್ಲಿ ಬಿಸಿಯಿಂದ ಒತ್ತಡ ಏರಿರುತ್ತದೆ. ಆಗ ಹೆಚ್ಚಾಗಿದೆ ಎಂದು ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗುತ್ತದೆ. ಎಷ್ಟು ಗಾಳಿ ಎಂಬುದನ್ನು ಗಾಡಿಯ ಕೈಪಿಡಿ ನೋಡಿ ನಿಶ್ಚಯಿಸಿ. ಪಕ್ಕದ ಗಾಡಿಯವರು ಹೇಳಿದ ಅಂಕಿ ನಿಮ್ಮ ಟೈರಿಗೆ ಹೊಂದಬೇಕೆಂದಿಲ್ಲ. ಒಳಟೈರಿನ ವಾಲ್ವಿಗೆ ಉದ್ದನೆಯ ಎಕ್ಸ್‌ಟೆನ್ಶನ್ ಹಾಕಿಸಿದರೆ ಗೇಜ್ ಹಿಡಿಯುವುದು ಸುಲಭ. ವಾಲ್ವಿನ ಮುಚ್ಚಳ ತಪ್ಪದೆ ಇರಲಿ. ಗದ್ದೆಯ ಕೆಸರು, ರಸ್ತೆಯ ಮರಳು ವಾಲ್ವಿನೊಳಗೆ ಕೂತರೆ ಗಾಳಿ ಸಣ್ಣಗೆ ಸೋರುತ್ತಲೇ ಇರುತ್ತದೆ.

ಗಾಳಿ ನೋಡುವಾಗಲೇ ಎರಡು ಟೈರಿನ ನಡುವಿನ ಸಂದಿಯನ್ನೂ ನೋಡಿ. ಜಲ್ಲಿ ಹೇರುವ ಜಾಗದಲ್ಲಿ, ಕಬ್ಬು ತುಂಬುವ ಗದ್ದೆಯಲ್ಲಿ ಕಲ್ಲು, ಹೆಂಟೆ, ಕಬ್ಬಿನ ತುಂಡು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಗಾಡಿ ಓಡಿದಂತೆ ಆ ಕಲ್ಲು ಎರಡೂ ಟೈರಿನ ಪಕ್ಕದ ಗೋಡೆಯನ್ನು ಕೊರೆಯುತ್ತದೆ. ಕೆಲವೊಮ್ಮೆ ಹೆದ್ದಾರಿಯಲ್ಲಿ ಸಿಡಿದು ಹಿಂದೆ ಬರುವ ಬೈಕಿನವರ ಮೇಲೆ ಬೀಳುತ್ತದೆ. ಸಂದಿಯೇ ಇಲ್ಲದೆ ಎರಡು ಟೈರಿನ ಹೊಟ್ಟೆ ಒಂದಕ್ಕೊಂದು ತಾಗುತ್ತಿದ್ದರೆ ಮೂರು ಕಾರಣ ಇರಬಹುದು. ಗಾಳಿ ಕಡಿಮೆ ಇದೆ, ಹೊರೆ ಹೆಚ್ಚಾಗಿದೆ, ಇಲ್ಲವೇ ಆ ಡಿಸ್ಕಿಗೆ ಹೊಂದದ ಅಗಲವಾದ ಟೈರು ಹಾಕಲಾಗಿದೆ. ಮೂರರಲ್ಲಿ ಯಾವುದೇ ಆಗಿದ್ದರೂ ಸರಿಪಡಿಸಲೇಬೇಕು.

ಇನ್ನು ಜೋಡಿಸುವ ವಿಷಯ. ಮುಡುಕುತೊರೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತರು ಎರಡು ಎತ್ತುಗಳನ್ನು ಅಕ್ಕಪಕ್ಕ ನಿಲ್ಲಿಸಿ, ಎತ್ತರ ನೋಡಿ, ಹೆಜ್ಜೆ ನೋಡಿ ಆಮೇಲೆ ವ್ಯಾಪಾರಕ್ಕೆ ಕೂರುತ್ತಾರೆ. ಎತ್ತರ ಹೊಂದದ ಜೋಡಿಗೆ ನೊಗ ಒಂದು ಕಡೆ ಏರಿ ಒಂದು ಎತ್ತಿನ ಹೆಗಲು ಹುಣ್ಣಾಗುತ್ತದೆ. ಜೋಡಿ ಟೈರಿಗೂ ಅದೇ ನ್ಯಾಯ.

ಒಳಗಿನ ಡಿಸ್ಕು, ಹೊರಗಿನ ಡಿಸ್ಕು ಎರಡೂ ಒಂದೇ ಹಬ್ಬಿಗೆ ಒಂದೇ ಸ್ಟಡ್ಡುಗಳಲ್ಲಿ ಬಿಗಿಯಾಗಿ ಕೂತಿರುತ್ತವೆ. ಒಂದು ಡಿಸ್ಕು ಒಂದು ಸುತ್ತು ತಿರುಗಿದರೆ ಇನ್ನೊಂದೂ ಒಂದೇ ಸುತ್ತು ತಿರುಗಬೇಕು. ಒಂದು ಟೈರು ದೊಡ್ಡದು, ಇನ್ನೊಂದು ಸಣ್ಣದು ಆದರೆ ಒಂದು ಸುತ್ತಿನಲ್ಲಿ ಎರಡೂ ಕ್ರಮಿಸುವ ದೂರ ಬೇರೆ ಬೇರೆ. ಆದರೆ ಗಾಡಿ ಹೋಗುವ ದೂರ ಒಂದೇ. ಆ ವ್ಯತ್ಯಾಸವನ್ನು ಟೈರು ರಸ್ತೆಯ ಮೇಲೆ ಉಜ್ಜಿಕೊಂಡೇ ತೀರಿಸಬೇಕು. ಲೆಕ್ಕ ಹಾಕಿ ನೋಡೋಣ. 407ರಂಥ ಗಾಡಿಯ ಟೈರಿನ ಅಡ್ಡಳತೆ ಸುಮಾರು 80 ಸೆಂಟಿಮೀಟರ್. ಸುತ್ತಳತೆ ಎರಡೂವರೆ ಮೀಟರ್. ಒಂದು ಕಿಲೋಮೀಟರ್ ಹೋಗಲು ಸುಮಾರು 400 ಸುತ್ತು. ಜೋಡಿಯಲ್ಲಿ ಒಂದರ ಅಡ್ಡಳತೆ 6 ಮಿಲಿಮೀಟರ್ ಕಡಿಮೆ ಇದ್ದರೆ ಸುತ್ತಳತೆಯಲ್ಲಿ 19 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. 400 ಸುತ್ತಿಗೆ ಏಳೂವರೆ ಮೀಟರ್. ನಂಜನಗೂಡಿನಿಂದ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ, ಲೆಕ್ಕದ ಪ್ರಕಾರ, ಮುನ್ನೂರು ಮೀಟರಿಗೂ ಹೆಚ್ಚು ದೂರ ಟೈರು ಉಜ್ಜಾಡಿರುತ್ತದೆ. ದಿನವೂ ಹೀಗೆ ಉಜ್ಜಿದರೆ ಎಂಥ ಟೈರು ತಾಳೀತು? ಇತ್ತ ದೊಡ್ಡ ಟೈರಿಗೂ ನೆಮ್ಮದಿಯಿಲ್ಲ. ನೆಲಕ್ಕೆ ಗಟ್ಟಿಯಾಗಿ ಊರಿರುವುದು ಅದೇ ಆದ್ದರಿಂದ ಹೆಚ್ಚಿನ ಹೊರೆ ಅದರ ಮೇಲೆ ಬಿದ್ದು ಅದು ಕಾಯುತ್ತದೆ.

ಈ 6 ಮಿಲಿಮೀಟರೇ ನಮ್ಮ ಸಣ್ಣ ಲಾರಿಯ ಟೈರುಗಳಿಗೆ, ಅಂದರೆ 7.50-16, 8.25-16 ಅಳತೆಯವಕ್ಕೆ, ಇರುವ ಗರಿಷ್ಠ ಮಿತಿ. ಜೋಡಿಯ ಎರಡು ಟೈರುಗಳ ಅಡ್ಡಳತೆಯಲ್ಲಿ ಇದಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಅಡ್ಡಳತೆಯಲ್ಲಿ 6 ಎಂದರೆ ಸವೆತದಲ್ಲಿ 3 ಮಿಲಿಮೀಟರ್. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಟೈರುಗಳಲ್ಲಿ ಗೀರಿನ ಆಳ 3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅವು ಜೋಡಿಯಾಗಲು ತಕ್ಕವಲ್ಲ. ಹೊಸ ಟೈರಿನ ಗೀರು 12 ಮಿಲಿಮೀಟರ್ ಇದ್ದು, ಪಕ್ಕದ ಹಳೆಯದು 6ಕ್ಕೆ ಸವೆದಿದ್ದರೆ ಮಿತಿ ಎರಡು ಪಟ್ಟು ಮೀರಿದಂತಾಯಿತು. "ಒಂದು ಹೋಗೈತೆ, ಒಂದೇ ಹೊಸದು ಹಾಕ್ಬುಡಿ" ಎಂದು ಹಾಕಿಸುವ ಹೊಸ ಟೈರು ಬೇಗನೆ ಹಾಳಾಗಲು ಇದೇ ಕಾರಣ. ದೋಷ ಕಂಪನಿಯದೂ ಅಲ್ಲ, ರಸ್ತೆಯದೂ ಅಲ್ಲ, ಜೋಡಿ ಮಾಡಿದ್ದರಲ್ಲಿದೆ.

ಅಳೆಯಲು ದೊಡ್ಡ ಸಲಕರಣೆ ಬೇಕಿಲ್ಲ. ಎರಡೂ ಟೈರಿಗೆ ಒಂದೇ ಒತ್ತಡದ ಗಾಳಿ ತುಂಬಿ, ನೆಲಕ್ಕೆ ತಾಗದಂತೆ ಎತ್ತಿಟ್ಟು, ಹೊಲಿಗೆಯವರ ಟೇಪಿನಿಂದ ನಡು ಭಾಗದ ಸುತ್ತಳತೆ ನೋಡಿ. 19 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಜೋಡಿ ಬದಲಿಸಿ. ಗಾಡಿಯಲ್ಲೇ ಇರುವಾಗ ನೋಡುವುದಾದರೆ ನೇರವಾದ ಪಟ್ಟಿಯೊಂದನ್ನು ಎರಡೂ ಟೈರಿನ ಮೇಲೆ ಅಡ್ಡಲಾಗಿಟ್ಟು ಬೆಳಕು ಎಲ್ಲಿ ನುಸುಳುತ್ತದೆ ಎಂದು ನೋಡಬಹುದು. ಮಿತಿಯೊಳಗಿನ ಸಣ್ಣ ವ್ಯತ್ಯಾಸ ಇದ್ದರೆ ಸ್ವಲ್ಪ ದೊಡ್ಡದನ್ನು ಹೊರಗೆ, ಸವೆದದ್ದನ್ನು ಒಳಗೆ ಹಾಕಿ. ರಸ್ತೆಯ ಇಳಿಜಾರಿಗೆ ಅದು ಹೊಂದುತ್ತದೆ.

ಜೋಡಿಯಲ್ಲಿ ಒಂದು ರೇಡಿಯಲ್, ಒಂದು ನೈಲಾನ್ ಎಂದೂ ಬೇಡ. ಎರಡರ ಹೊಟ್ಟೆಯ ಕಟ್ಟಡವೇ ಬೇರೆ. ನೈಲಾನ್ ಟೈರಿನಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯುತ್ತವೆ. ರೇಡಿಯಲ್‌ನಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತದೆ, ಮೇಲೆ ಉಕ್ಕಿನ ಎಳೆಯ ಪಟ್ಟಿ ಇರುತ್ತದೆ. ಹೊರೆ ಬಿದ್ದಾಗ ಎರಡೂ ಬಾಗುವ ರೀತಿ ಬೇರೆ. ರೇಡಿಯಲ್ ಟೈರಿಗೆ ಫ್ರಾನ್ಸಿನ ಮಿಶೆಲಿನ್ ಕಂಪನಿ ಪೇಟೆಂಟ್ ಪಡೆದದ್ದು 1946ರಲ್ಲಿ. ನಮ್ಮ ಲಾರಿಗಳಿಗೆ ಅದು ತಡವಾಗಿ ಬಂತು. ಟೈರು ಕಾರ್ಖಾನೆ ಮಾತ್ರ ನಮಗೆ ಹತ್ತಿರದಲ್ಲೇ ಇದೆ: ಮೈಸೂರಿನ ವಿಕ್ರಾಂತ್ ಟೈರ್ ಕಾರ್ಖಾನೆಯನ್ನು 1997ರಲ್ಲಿ ಜೆ.ಕೆ. ಟೈರ್ ಸಂಸ್ಥೆ ವಹಿಸಿಕೊಂಡಿತು. ಲಾರಿ ಟೈರು ತಯಾರಾಗುವ ಊರಿನ ಪಕ್ಕದಲ್ಲೇ ಇರುವ ನಮಗೆ ಟೈರಿನ ತಿಳಿವಳಿಕೆಯೂ ಅಷ್ಟೇ ಹತ್ತಿರದಲ್ಲಿ ಇರಬೇಕಲ್ಲವೇ?

ಈಗ ಜಾಗ ಬದಲಿಸುವ ಕ್ರಮ. ಎಂಟರಿಂದ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳ ಜಾಗ ಬದಲಿಸುವುದು ಒಳ್ಳೆಯ ರೂಢಿ. ಸವೆತದಲ್ಲಿ ವ್ಯತ್ಯಾಸ ಮೊದಲೇ ಕಂಡರೆ ಅಷ್ಟು ಕಾಯುವುದು ಬೇಡ. ಬಿಚ್ಚುವ ಮೊದಲು ಪ್ರತಿ ಟೈರಿನ ಮೇಲೂ ಸೀಮೆಸುಣ್ಣದಲ್ಲಿ ಅದು ಇದ್ದ ಜಾಗ ಬರೆಯಿರಿ. ಎಡ ಮುಂದೆ, ಎಡ ಒಳ, ಎಡ ಹೊರ, ಬಲ ಮುಂದೆ, ಬಲ ಒಳ, ಬಲ ಹೊರ ಎಂದು. ನೆಲದ ಮೇಲಿಟ್ಟ ಆರು ಟೈರುಗಳಲ್ಲಿ ಯಾವುದು ಎಲ್ಲಿಯದೆಂದು ಆಮೇಲೆ ನೆನಪಿರುವುದಿಲ್ಲ.

ಆಮೇಲೆ ಸವೆತವನ್ನು ಓದಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು. ನಡುವೆ ಸವೆದಿದ್ದರೆ ಗಾಳಿ ಹೆಚ್ಚಿತ್ತು. ಮುಂದಿನ ಟೈರಿನ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ತೇಪೆಯಂತೆ ಸವೆದಿದ್ದರೆ ಬ್ರೇಕು, ಬೇರಿಂಗು ನೋಡಿಸಬೇಕು. ಕಾರಣ ಸರಿಪಡಿಸದೆ ಜಾಗ ಮಾತ್ರ ಬದಲಿಸಿದರೆ ಇನ್ನೊಂದು ಟೈರನ್ನೂ ಅದೇ ದಾರಿಗೆ ಕಳಿಸಿದಂತೆ.

ಮುಂದಿನ ಚಕ್ರಗಳಲ್ಲಿ ಉದ್ದುದ್ದ ಗೀರಿನ ಟೈರು, ಹಿಂದಿನ ಚಕ್ರಗಳಲ್ಲಿ ಅಡ್ಡಪಟ್ಟಿಯ ಲಗ್ ಟೈರು ಇದ್ದರೆ ಮುಂದಿನವನ್ನು ತಮ್ಮತಮ್ಮಲ್ಲಿ ಎಡಬಲ ಬದಲಿಸಿ, ಹಿಂದಿನ ನಾಲ್ಕನ್ನು ತಮ್ಮತಮ್ಮಲ್ಲೇ ಬದಲಿಸಿ. ಹಿಂದಿನ ನಾಲ್ಕರಲ್ಲಿ ಎರಡು ದಾರಿ ಇವೆ. ಎಡ ಹೊರಟೈರನ್ನು ಬಲ ಒಳಕ್ಕೆ, ಎಡ ಒಳಟೈರನ್ನು ಬಲ ಹೊರಕ್ಕೆ, ಹಾಗೆಯೇ ಬಲದವನ್ನು ಎಡಕ್ಕೆ ಅಡ್ಡಡ್ಡವಾಗಿ ಬದಲಿಸಿದರೆ ಜೋಡಿ ಮುರಿಯುವುದಿಲ್ಲ, ಟೈರು ತಿರುಗುವ ದಿಕ್ಕೂ ಮೊದಲಿನದೇ ಉಳಿಯುತ್ತದೆ. ಒಂದೇ ಬದಿಯಲ್ಲಿ ಒಳಗಿನದನ್ನು ಹೊರಕ್ಕೆ, ಹೊರಗಿನದನ್ನು ಒಳಕ್ಕೆ ಹಾಕಿದರೆ ತಿರುಗುವ ದಿಕ್ಕು ಉಲ್ಟಾ ಆಗುತ್ತದೆ. ಲಗ್ ಟೈರಿನ ಪಟ್ಟಿಗಳು ಒಂದು ಕಡೆ ಚೂಪಾಗಿ ಸವೆದಿದ್ದರೆ ಈ ಎರಡನೆಯ ದಾರಿಯಿಂದ ಸವೆತ ಸಮಕ್ಕೆ ಬರುತ್ತದೆ. ಟೈರಿನ ಗೋಡೆಯಲ್ಲಿ ದಿಕ್ಕಿನ ಬಾಣದ ಗುರುತು ಇದ್ದರೆ ಆ ಗುರುತನ್ನೇ ಪಾಲಿಸಿ. ಸ್ಟೆಪ್ನಿಯನ್ನೂ ಸರದಿಯಲ್ಲಿ ಸೇರಿಸಿ. ಬಳಸದೆ ವರ್ಷಗಟ್ಟಲೆ ನೇತುಹಾಕಿದ ಟೈರಿನ ರಬ್ಬರು ಗೀರು ಸವೆಯದೆಯೇ ಮುದಿಯಾಗುತ್ತದೆ, ಬೇಕಾದ ಹೊತ್ತಿಗೆ ಉಳಿದವುಗಳ ಜೊತೆ ಹೊಂದುವುದೂ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೆ ತಾರೀಖು, ಕಿಲೋಮೀಟರ್, ಯಾವ ಟೈರು ಎಲ್ಲಿಗೆ ಹೋಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಡೀಸೆಲ್ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಗಳೇ ಸಾಕು.

ಟೈರು ಬದಲಿಸುವುದು ಯಾವಾಗ? ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದ ಪ್ರಕಾರ ಇಂಥ ಗಾಡಿಗಳ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಒಳನೂಲು ಕಂಡರೆ, ಎಲ್ಲಾದರೂ ಉಬ್ಬು ಬಂದರೆ ಆ ಟೈರು ರಸ್ತೆಗೆ ತಕ್ಕದ್ದಲ್ಲ. ಎಫ್‌ಸಿ, ಅಂದರೆ ಗಾಡಿಯ ಅರ್ಹತಾ ಪತ್ರ, ಮಾಡಿಸುವ ದಿನ ಮಾತ್ರ ಯಾರದೋ ಒಳ್ಳೆಯ ಟೈರು ತಂದು ಹಾಕಿ, ಸಂಜೆ ಮತ್ತೆ ಮೊಂಡು ಟೈರು ಹಾಕುವ ಕೆಲಸ ಬೇಡ. ಆ ಎಫ್‌ಸಿ ಕಾಗದ ಮಳೆಯಲ್ಲಿ ಜಾರುವ ಗಾಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಹಳೆಯ ಟೈರು ಕೊಳ್ಳುವವರು ಅದರ ವಯಸ್ಸನ್ನೂ ನೋಡಬೇಕು. ಪಕ್ಕದ ಗೋಡೆಯಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 3522 ಎಂದಿದ್ದರೆ 2022ನೇ ಇಸವಿಯ 35ನೇ ವಾರದಲ್ಲಿ ತಯಾರಾದದ್ದು ಎಂದರ್ಥ.

ಕೊಳ್ಳುವಾಗ ಸಾಧ್ಯವಾದ ಮಟ್ಟಿಗೆ ಎರಡು ಟೈರು ಒಟ್ಟಿಗೆ ಕೊಳ್ಳಿ. ಆರೂ ಚಕ್ರಕ್ಕೆ ಒಂದೇ ಮಾದರಿ ಬಳಸುವವರು ಹೊಸ ಜೋಡಿಯನ್ನು ಮುಂದಕ್ಕೆ ಹಾಕಿ, ಮುಂದೆ ಸಮನಾಗಿ ಸವೆದ ಎರಡನ್ನು ಹಿಂದೆ ಒಂದು ಬದಿಗೆ ಜೋಡಿ ಮಾಡಬಹುದು. ಸ್ಟಿಯರಿಂಗ್ ಹಿಡಿತ ಮುಂದಿನ ಟೈರುಗಳ ಮೇಲೆ ನಿಂತಿದೆ, ಆದ್ದರಿಂದ ಒಳ್ಳೆಯವು ಅಲ್ಲಿರಬೇಕು. ರೀಸೋಲ್ ಮಾಡಿಸಿದ ಟೈರನ್ನು ಮುಂದಕ್ಕೆ ಹಾಕಬೇಡಿ. ಹಿಂದಕ್ಕೆ ಹಾಕುವಾಗಲೂ ಜೋಡಿಯ ಎರಡೂ ಅಳತೆಯಲ್ಲಿ ಹೊಂದಬೇಕು. ಒಂದೇ ಟೈರು ಹಾಳಾಗಿ ಎರಡು ಕೊಳ್ಳಲು ಕೈಯಲ್ಲಿ ದುಡ್ಡಿಲ್ಲ ಎಂದರೆ ಹಿಂದಿನ ಉಳಿದ ಮೂರು ಟೈರು ಮತ್ತು ಸ್ಟೆಪ್ನಿಯನ್ನು ಅಳೆದು, ಹತ್ತಿರ ಹತ್ತಿರದ ಅಳತೆಯವನ್ನು ಜೋಡಿ ಮಾಡಿ. ಹೊಸದನ್ನು ಸ್ಟೆಪ್ನಿಯಾಗಿ ಇಡಿ. ಎರಡನೆಯ ಹೊಸ ಟೈರು ಬಂದಾಗ ಅವೆರಡೂ ಜೋಡಿಯಾಗುತ್ತವೆ.

ಚಕ್ರ ಬಿಚ್ಚುವ ಕೆಲಸದಲ್ಲಿ ಅವಸರ ಬೇಡ. ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಎರೆಮಣ್ಣಿನಲ್ಲಿ, ನಾಲೆ ಪಕ್ಕದ ಹಸಿ ನೆಲದಲ್ಲಿ ಜಾಕು ಕುಸಿಯುತ್ತದೆ. ಕೆಳಗೆ ಅಗಲವಾದ ಗಟ್ಟಿ ಹಲಗೆ ಇಡಿ. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಹಾಕುವಾಗ ಹಬ್ಬು ಮತ್ತು ಎರಡು ಡಿಸ್ಕುಗಳು ಸೇರುವ ಮುಖವನ್ನು ತಂತಿ ಬ್ರಶ್ಶಿನಿಂದ ಉಜ್ಜಿ. ಒಣಗಿದ ಕೆಸರು, ತುಕ್ಕು, ದಪ್ಪ ಬಣ್ಣ ಅಲ್ಲಿ ಉಳಿದರೆ ನಟ್ಟು ಬಿಗಿಯಾದಂತೆ ಕಂಡು ಓಡಿದ ಮೇಲೆ ಸಡಿಲವಾಗುತ್ತದೆ. ಒಳಟೈರಿನ ವಾಲ್ವು ಹೊರಡಿಸ್ಕಿನ ಕಿಂಡಿಗೆ ನೇರವಾಗಿ ಸಿಗುವಂತೆ, ಎರಡು ವಾಲ್ವುಗಳೂ ಎದುರು ಬದುರಾಗಿ ಬರುವಂತೆ ಕೂರಿಸಿ. ಈ ಒಂದು ಎಚ್ಚರ ತಪ್ಪಿದರೆ ಮುಂದೆ ಒಳಟೈರಿನ ಗಾಳಿ ನೋಡುವವರೇ ಇರುವುದಿಲ್ಲ. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರೆದುರಿನವನ್ನು ಒಂದಾದ ಮೇಲೊಂದು ಬಿಗಿಯಿರಿ. ಕೆಲವು ಹಳೆಯ ಗಾಡಿಗಳಲ್ಲಿ ಎಡಬದಿಯ ನಟ್ಟು ಉಲ್ಟಾ ತಿರುವಿನದಾಗಿರುತ್ತದೆ, ನೋಡಿಕೊಳ್ಳಿ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಲೇಬೇಕು.

ಪಂಚರ್ ಅಂಗಡಿಯ ಸೋದರರಿಗೆ ಒಂದು ಮಾತು. ಈ ಗಾಡಿಗಳಲ್ಲಿ ಟ್ಯೂಬು, ಫ್ಲಾಪು ಇರುವ ಟೈರನ್ನು ಡಿಸ್ಕಿನ ಮೇಲೆ ಹಿಡಿದಿಡುವುದು ಒಂದು ಕಬ್ಬಿಣದ ರಿಂಗು. ಗಾಳಿ ತುಂಬಿದಾಗ ಆ ರಿಂಗಿನ ಮೇಲಿನ ಒತ್ತಡ ಟನ್ನುಗಳ ಲೆಕ್ಕದ್ದು. ಸರಿಯಾಗಿ ಕೂರದ ರಿಂಗು ಹಾರಿದರೆ ಎದುರಿಗಿದ್ದವರ ತಲೆ ಉಳಿಯುವುದಿಲ್ಲ. ಆದ್ದರಿಂದ ಗಾಳಿ ಬಿಟ್ಟ ಅಥವಾ ಜಖಂ ಆದ ಚಕ್ರವನ್ನು ಗಾಡಿಯಿಂದ ಬಿಚ್ಚುವ ಮೊದಲೇ ವಾಲ್ವಿನ ಪಿನ್ನು ತೆಗೆದು ಎರಡೂ ಟೈರಿನ ಗಾಳಿಯನ್ನು ಪೂರ್ತಿ ಬಿಡಿ. ತುಕ್ಕು ತಿಂದ, ಸೊಟ್ಟಗಾದ, ಬಿರುಕು ಬಿಟ್ಟ ರಿಂಗನ್ನು ಗುಜರಿಗೆ ಹಾಕಿ. ಬೇರೆ ಡಿಸ್ಕಿನ ರಿಂಗನ್ನು ಹೊಡೆದು ಹೊಂದಿಸಬೇಡಿ. ಗಾಳಿ ತುಂಬಿದ ಮೇಲೆ ಸುತ್ತಿಗೆಯಿಂದ ರಿಂಗು ಕೂರಿಸಲು ಹೋಗಬೇಡಿ. ಕಬ್ಬಿಣದ ಪಂಜರದೊಳಗೆ ಇಟ್ಟು, ಉದ್ದ ಪೈಪಿನಿಂದ, ಪಕ್ಕಕ್ಕೆ ದೂರ ನಿಂತು ಗಾಳಿ ತುಂಬಿ. ಇಂಥ ಪಂಜರವನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲೇ ದಪ್ಪ ಕೊಳವೆಗಳಿಂದ ಮಾಡಿಸಬಹುದು. ಗಾಡಿಯ ಮಾಲೀಕರೂ ಅಷ್ಟೆ. ಪಂಜರವಿರುವ ಅಂಗಡಿಗೇ ಗಾಡಿ ಕೊಂಡೊಯ್ಯಿರಿ. ಕೆಲಸ ಬೇಗ ಮುಗಿಸೆಂದು ಹುಡುಗರ ತಲೆಯ ಮೇಲೆ ಕೂರಬೇಡಿ.

ರಸ್ತೆಯಲ್ಲಿ ಟೈರು ಬದಲಿಸಿದಾಗ ಚಕ್ರಕ್ಕೆ ಅಡ್ಡ ಕೊಟ್ಟ ಕಲ್ಲು, ಗುರುತಿಗೆ ಇಟ್ಟ ಸೊಪ್ಪು, ಎಲ್ಲವನ್ನೂ ತೆಗೆದು ಹೊರಡಿ. ನೀವು ಬಿಟ್ಟು ಹೋದ ಕಲ್ಲು ರಾತ್ರಿ ಬೈಕಿನಲ್ಲಿ ಮನೆಗೆ ಹೋಗುವವರನ್ನು ಬೀಳಿಸುತ್ತದೆ. ಹೊರೆಯ ವಿಷಯದಲ್ಲೂ ಮಿತಿ ಇರಲಿ. ಹೆಚ್ಚು ಹೊರೆಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 20,000 ರೂಪಾಯಿ, ಮೇಲಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ದಂಡ ತಪ್ಪಿಸಿಕೊಂಡರೂ ಟೈರು ತನ್ನ ಪಾಲಿನ ವಸೂಲಿ ಮಾಡಿಯೇ ತೀರುತ್ತದೆ.

ಬಂಧುಗಳೇ, ಹೇಳಿದ್ದನ್ನು ಒಟ್ಟುಗೂಡಿಸುತ್ತೇನೆ. ಜೋಡಿ ಟೈರನ್ನು ಎರಡೆಂದು ಎಣಿಸಬೇಡಿ, ಒಂದೇ ಲೆಕ್ಕಕ್ಕೆ ಹಿಡಿಯಿರಿ. ಒಟ್ಟಿಗೆ ಅಳೆಯಿರಿ, ಒಟ್ಟಿಗೆ ಕೊಳ್ಳಿ, ಒಟ್ಟಿಗೆ ಜಾಗ ಬದಲಿಸಿ. ಒಂದು ಗಾಳಿ ಬಿಟ್ಟರೆ ಇನ್ನೊಂದನ್ನು ನಂಬಿ ಓಡಿಸಬೇಡಿ. ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಗೇಜ್ ಹಿಡಿದು ಕೂತು, ಎಡ ಬಲ ಎರಡೂ ಕಡೆಯ ಒಳಟೈರಿನ ಗಾಳಿ ಅಳೆಯಿರಿ. ಹೊರೆ ಹೇರುವುದು ಆಮೇಲಾಗಲಿ. ನಿಮ್ಮ ದಾರಿ ಸುಖವಾಗಿರಲಿ.